ಗಲ್ಲಾದ ಕುರ್ಚಿಯ ನೋವಿಗೆ ಮದ್ದಿಲ್ಲದ ಸೂಜಿ

ಸಂಘದ ಮಹಾಸಭೆಗೆ ಬಂದವರನ್ನು ಒಮ್ಮೆ ಗಮನಿಸಿ ನೋಡಿ. ಮುಂದಿನ ಸಾಲಿನಲ್ಲಿ ಕುರ್ಚಿಗಳು ಖಾಲಿ ಇದ್ದರೂ ಹಿಂಬದಿಯ ಗೋಡೆಗೆ ಒರಗಿ ನಿಂತ ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. "ಬನ್ನಿ, ಕೂತುಕೊಳ್ಳಿ" ಎಂದರೆ "ಪರವಾಗಿಲ್ಲ, ಇಲ್ಲೇ ಆರಾಮ" ಎನ್ನುತ್ತಾರೆ. ಅದು ಅವರ ವಿನಯ ಎಂದು ನಾವು ಬಹಳ ವರ್ಷ ತಿಳಿದಿದ್ದೆವು. ಅವರಿಗೆ ಕೂರಲು ಆಗುವುದಿಲ್ಲ ಎಂಬುದು ಗೊತ್ತಾದದ್ದು ನಾವೂ ಅದೇ ಗೋಡೆಗೆ ಒರಗಿ ನಿಲ್ಲುವ ಕಾಲ ಬಂದಾಗ.

ಸೊಂಟದ ಕೆಳಗೆ, ಪೃಷ್ಠದ ಆಳದಲ್ಲಿ ಎಲ್ಲೋ ಶುರುವಾಗಿ ತೊಡೆಯ ಹಿಂಬದಿಗೆ ಇಳಿಯುವ ನೋವು ಇದು. ಬಿ.ಪಿ., ಶುಗರ್, ಮಂಡಿನೋವಿನ ಬಗ್ಗೆ ನಮ್ಮ ಹೋಟೆಲಿನವರು ಗಲ್ಲಾದಲ್ಲಿ ಕೂತೇ ಗಂಟೆಗಟ್ಟಲೆ ಮಾತಾಡುತ್ತಾರೆ. ಕುಂಡೆ ನೋವು ಎನ್ನಲು ಮಾತ್ರ ಎಲ್ಲರಿಗೂ ನಾಚಿಕೆ. ನಾಚಿಕೆಯಿಂದ ನೋವು ಹಳೆಯದಾಗುತ್ತದೆ, ಹಳೆಯದಾದಷ್ಟೂ ವಾಸಿಯಾಗಲು ಹೆಚ್ಚು ದಿನ ಹಿಡಿಯುತ್ತದೆ. ಆದ್ದರಿಂದ ಈ ನೋವಿನ ಬಗ್ಗೆ, ಅದಕ್ಕೆ ಈಗ ದೊಡ್ಡ ಊರುಗಳಲ್ಲೆಲ್ಲ ಸಿಗುವ ಡ್ರೈ ನೀಡ್ಲಿಂಗ್ ಎಂಬ ಸೂಜಿ ಚಿಕಿತ್ಸೆಯ ಬಗ್ಗೆ ನಾವು ಕಂಡದ್ದನ್ನೂ ತಿಳಿದದ್ದನ್ನೂ ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ಭಟ್ಟರಿಗೆ, ಆಮೇಲೆ ನಮಗೆ

ನಮ್ಮ ಹೋಟೆಲಿನಲ್ಲಿ ಪುತ್ತೂರು ಕಡೆಯ ಭಟ್ಟರೊಬ್ಬರು ಹನ್ನೊಂದು ವರ್ಷ ದೋಸೆ ಕಲ್ಲಿನ ಮುಂದೆ ನಿಂತಿದ್ದರು. ಬೆಳಿಗ್ಗೆ ಆರಕ್ಕೆ ನಿಂತರೆ ಹನ್ನೊಂದರವರೆಗೆ, ಮತ್ತೆ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ. ಒಂದು ಮಳೆಗಾಲದಲ್ಲಿ ಅವರು "ಎಡಗಡೆ ಒಳಗಿಂದ ಸೆಳೀತದೆ, ನಿಲ್ಲಲಿಕ್ಕೂ ಆಗುದಿಲ್ಲ, ಕೂರಲಿಕ್ಕೂ ಆಗುದಿಲ್ಲ" ಎಂದರು. ನಾವು ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತರಿಸಿಕೊಟ್ಟೆವು. ಮೂರು ತಿಂಗಳಲ್ಲಿ ಅದೇ ಮಾತನ್ನು ಹತ್ತು ಸಲ ಕೇಳಿದ ಮೇಲೆ, ಊರಿಗೆ ಹೋಗಲು ನೆಪ ಹುಡುಕುತ್ತಿದ್ದಾರೆ ಎಂದು ನಮಗೆ ಅನಿಸಿತು. ಅದನ್ನು ಮ್ಯಾನೇಜರರ ಎದುರು ಆಡಿಯೂ ಬಿಟ್ಟೆವು. ಮಾತು ಅಡುಗೆಮನೆಗೆ ಮುಟ್ಟಿತು. ದೀಪಾವಳಿಗೆ ಮೊದಲು ಭಟ್ಟರು ಲೆಕ್ಕ ಚುಕ್ತಾ ಮಾಡಿಕೊಂಡು ಊರಿಗೆ ಹೋದವರು ತಿರುಗಿ ಬರಲಿಲ್ಲ.

ಎರಡು ವರ್ಷದ ಮೇಲೆ ಅದೇ ನೋವು ನಮ್ಮ ಬಲಗಡೆಗೆ ಬಂತು. ಗಲ್ಲಾದಲ್ಲಿ ಇಪ್ಪತ್ತು ನಿಮಿಷ ಕೂತರೆ ಸಾಕು, ಒಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಹಗುರ. ಕಾರಿನಲ್ಲಿ ಮಾರ್ಕೆಟಿಗೆ ಹೋಗಿ ಬರುವಷ್ಟರಲ್ಲಿ ತೊಡೆ ಮರಗಟ್ಟುತ್ತಿತ್ತು. ಬೆನ್ನಿನ ಎಂ.ಆರ್.ಐ. ತೆಗೆಸಿದೆವು. ಡಿಸ್ಕ್ ಉಬ್ಬಿದೆ ಎಂದು ವರದಿ ಬಂತು. ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆಯ ಮಾತನ್ನೂ ಎತ್ತಿದರು. ಮನೆಯವರ ಒತ್ತಾಯಕ್ಕೆ ಇನ್ನೊಬ್ಬ ಮೂಳೆ ವೈದ್ಯರಲ್ಲಿಗೆ ಹೋದೆವು. ಅವರು ವರದಿಯನ್ನು ಪಕ್ಕಕ್ಕಿಟ್ಟು, ನಮ್ಮನ್ನು ಮಗ್ಗುಲಾಗಿ ಮಲಗಿಸಿ, ಕಾಲು ಮಡಚಿ ಒಳಕ್ಕೆ ತಿರುಗಿಸಿ, ಪೃಷ್ಠದ ಮಧ್ಯದಲ್ಲಿ ಬೆರಳಿನಿಂದ ಒತ್ತಿದರು. ನಾವು ಕೂಗಿಕೊಂಡೆವು. "ಇದು ಬೆನ್ನಿನದ್ದಲ್ಲ, ಸ್ನಾಯುವಿನದ್ದು" ಎಂದು ಹೇಳಿ ಫಿಸಿಯೋಥೆರಪಿಗೆ ಚೀಟಿ ಬರೆದರು.

ಎಂ.ಆರ್.ಐ. ವರದಿ ನೋಡಿ ಹೆದರುವ ಸದಸ್ಯರಿಗೆ ಇಲ್ಲಿ ಒಂದು ಮಾತು. 1994ರಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೆನ್ನುನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ತೆಗೆದಾಗ ಅವರಲ್ಲಿ ನೂರಕ್ಕೆ 52 ಮಂದಿಯ ಡಿಸ್ಕ್ ಒಂದಲ್ಲ ಒಂದು ಕಡೆ ಉಬ್ಬಿರುವುದು ಕಂಡುಬಂದಿತ್ತು. ಅಂದರೆ ಚಿತ್ರದಲ್ಲಿ ಕಂಡ ಉಬ್ಬೇ ನೋವಿಗೆ ಕಾರಣ ಎಂದು ತೀರ್ಮಾನಿಸುವ ಮೊದಲು ವೈದ್ಯರು ಮೈ ಮುಟ್ಟಿ ಪರೀಕ್ಷಿಸಬೇಕು. ದೊಡ್ಡ ತೀರ್ಮಾನಕ್ಕೆ ಮೊದಲು ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನೋವು ಹುಟ್ಟುವ ಜಾಗ

ಬೆನ್ನುಮೂಳೆಯ ಕೆಳತುದಿಯಲ್ಲಿ ಒಂದು ತ್ರಿಕೋನ ಮೂಳೆ ಇದೆ. ಅದರ ಒಳಮೈಯಿಂದ ಹೊರಟು ತೊಡೆಮೂಳೆಯ ಮೇಲ್ತುದಿಗೆ ಅಡ್ಡಲಾಗಿ ಹೋಗಿ ಸೇರುವ ಸಣ್ಣ ಸ್ನಾಯುವಿಗೆ ಪಿರಿಫಾರ್ಮಿಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಮರಸೇಬಿನ, ಅಂದರೆ ಮುಂಬಯಿ ಮಾರ್ಕೆಟಿನಲ್ಲಿ ಸಿಗುವ ನಾಸ್ಪತಿಯ ಆಕಾರದ್ದು ಎಂದು ಅರ್ಥ. ಕಾಲನ್ನು ಹೊರಕ್ಕೆ ತಿರುಗಿಸುವುದು, ನಡೆಯುವಾಗ ಸೊಂಟದ ಕೀಲನ್ನು ಅಲುಗದಂತೆ ಹಿಡಿದುಕೊಳ್ಳುವುದು ಅದರ ಕೆಲಸ. ದೇಹದ ಅತಿ ದಪ್ಪನೆಯ ನರವಾದ ಸಯಾಟಿಕ್ ನರ ಸಾಮಾನ್ಯವಾಗಿ ಈ ಸ್ನಾಯುವಿನ ಕೆಳಗಿನಿಂದಲೇ ಹಾದು ಕಾಲಿಗೆ ಇಳಿಯುತ್ತದೆ. ಹತ್ತರಲ್ಲಿ ಒಬ್ಬಿಬ್ಬರಲ್ಲಿ ನರದ ಒಂದು ಕವಲು ಸ್ನಾಯುವಿನ ನಡುವಿನಿಂದಲೇ ತೂರಿ ಹೋಗುವುದುಂಟು.

ಒಂದೇ ಭಂಗಿಯಲ್ಲಿ ವರ್ಷಗಟ್ಟಲೆ ಕೂತಾಗ ಅಥವಾ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಇಲ್ಲಿನ ಸ್ನಾಯುಗಳು ಬಿಗಿಯುತ್ತವೆ. ಬಿಗಿದ ಎಳೆಗಳ ನಡುವೆ ಒತ್ತಿದರೆ ಜೀವ ಹೋಗುವಂತಹ ಗಂಟುಗಳು ಕಾಣಿಸಿಕೊಳ್ಳುತ್ತವೆ. ಇವನ್ನೇ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಪಿರಿಫಾರ್ಮಿಸ್ ಬಿಗಿದಾಗ ಪಕ್ಕದ ನರವೂ ಕೆರಳಿ ನೋವು ಕಾಲಿಗಿಳಿಯಬಹುದು. ಪೃಷ್ಠದ ಹೊರಬದಿಯ ಇತರ ಸಣ್ಣ ಸ್ನಾಯುಗಳ ಗಂಟು ಕೂಡ ಕಾಲಿನ ಪಕ್ಕದುದ್ದಕ್ಕೂ ನೋವನ್ನು ಕಳಿಸುತ್ತದೆ. 1947ರಲ್ಲಿ ಈ ತೊಂದರೆಗೆ ವೈದ್ಯಲೋಕ ಪಿರಿಫಾರ್ಮಿಸ್ ಸಿಂಡ್ರೋಮ್ ಎಂದು ಹೆಸರಿಟ್ಟಿತು.

ಇನ್ನೊಂದು ಕಾರಣವಂತೂ ನಮ್ಮ ಹಿಂದಿನ ಕಿಸೆಯಲ್ಲೇ ಇದೆ. 1978ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕ್ರೆಡಿಟ್ ಕಾರ್ಡು ತುಂಬಿದ ಪಾಕೀಟಿನಿಂದ ಬರುವ ಸಯಾಟಿಕಾ ಎಂದೇ ಒಂದು ಬರಹ ಪ್ರಕಟವಾಗಿತ್ತು. ದಪ್ಪ ಪಾಕೀಟಿನ ಮೇಲೆ ಕೂತಾಗ ಒಂದು ಬದಿ ಎತ್ತರವಾಗಿ, ಒತ್ತಡವೆಲ್ಲ ಈ ಜಾಗದ ಮೇಲೇ ಬೀಳುತ್ತದೆ. ನಮ್ಮ ಪಾಕೀಟಿನ ಜತೆ ಗೋದಾಮಿನ ಬೀಗದಕೈ ಗೊಂಚಲೂ ಇತ್ತು. ಬಲಗಡೆಯೇ ಏಕೆ ನೋವು ಎಂಬುದಕ್ಕೆ ಫಿಸಿಯೋಥೆರಪಿಯ ಹುಡುಗಿ ಮೊದಲ ದಿನವೇ ಕಿಸೆಯತ್ತ ಬೆರಳು ತೋರಿಸಿ ಉತ್ತರ ಹೇಳಿದಳು.

ಸೂಜಿ ಬಂದ ದಾರಿ

ನಮ್ಮ ಕಡೆ ಸೂಜಿ ಎಂದರೆ ಮದ್ದು ತುಂಬಿದ ಇಂಜೆಕ್ಷನ್. ಈ ಸೂಜಿಯಲ್ಲಿ ಮದ್ದೇ ಇಲ್ಲ, ಅದಕ್ಕೇ ಡ್ರೈ, ಅಂದರೆ ಒಣ ಎಂಬ ಹೆಸರು. ಇದರ ಹಿಂದಿನ ಕಥೆ ಸ್ವಾರಸ್ಯದ್ದು. ಅಮೆರಿಕದಲ್ಲಿ ಜಾನೆಟ್ ಟ್ರಾವೆಲ್ ಎಂಬ ವೈದ್ಯೆ ಇದ್ದರು. ಜಾನ್ ಕೆನಡಿಯವರ ಹಳೆಯ ಬೆನ್ನುನೋವಿಗೆ 1955ರಿಂದ ಚಿಕಿತ್ಸೆ ಕೊಟ್ಟವರು, 1961ರಲ್ಲಿ ಅವರು ಅಧ್ಯಕ್ಷರಾದಾಗ ಶ್ವೇತಭವನದ ವೈದ್ಯೆಯಾದವರು. ಸ್ನಾಯುಗಂಟುಗಳಿಗೆ ಮರಗಟ್ಟಿಸುವ ಮದ್ದಿನ ಇಂಜೆಕ್ಷನ್ ಕೊಡುವುದು ಅವರ ಪದ್ಧತಿ. ಡೇವಿಡ್ ಸೈಮನ್ಸ್ ಎಂಬವರೊಡನೆ ಸೇರಿ ಅವರು ಬರೆದ ಟ್ರಿಗರ್ ಪಾಯಿಂಟ್ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ ಬಂತು. ಸೊಂಟ, ಕಾಲುಗಳ ಸ್ನಾಯುಗಳಿಗೆ ಸಂಬಂಧಿಸಿದ ಎರಡನೆಯ ಸಂಪುಟ 1992ರಲ್ಲಿ ಬಂತು. ಈ ಚಿಕಿತ್ಸೆ ಮಾಡುವವರಿಗೆ ಅವು ಇಂದಿಗೂ ಮೂಲಗ್ರಂಥ.

ಈ ನಡುವೆ 1979ರಲ್ಲಿ ಆಗಿನ ಝೆಕೊಸ್ಲೊವಾಕಿಯದ ಕಾರೆಲ್ ಲೆವಿಟ್ ಎಂಬ ವೈದ್ಯರು ಒಂದು ಪ್ರಬಂಧ ಬರೆದರು. ಇಂಥ ಇಂಜೆಕ್ಷನ್‌ಗಳಲ್ಲಿ ಉಪಕಾರ ಮಾಡುವುದು ಮದ್ದಿಗಿಂತ ಹೆಚ್ಚಾಗಿ ಸೂಜಿಯೇ, ಸರಿಯಾದ ಗಂಟಿಗೆ ತಾಗಿದರೆ ಬರಿಯ ಸೂಜಿಯೂ ಸಾಕು ಎಂಬುದು ಅವರು ಕಂಡುಕೊಂಡ ಸಂಗತಿ. ಅಲ್ಲಿಂದ ಮುಂದೆ ಈ ಪದ್ಧತಿ ಫಿಸಿಯೋಥೆರಪಿಯವರ ಕೈಗೆ ಬಂತು.

ಹಾಗಾದರೆ ಇದು ಚೀನೀಯರ ಅಕ್ಯುಪಂಕ್ಚರ್ ಅಲ್ಲವೇ ಎಂದು ನೀವು ಕೇಳಬಹುದು. ಸೂಜಿ ಎರಡಕ್ಕೂ ಒಂದೇ ಬಗೆಯದು, ಲೆಕ್ಕಾಚಾರ ಬೇರೆ. ಅಕ್ಯುಪಂಕ್ಚರ್‌ನವರು ಶಕ್ತಿ ಹರಿಯುವ ನಾಡಿಗಳ ಪ್ರಕಾರ ಬಿಂದುಗಳನ್ನು ಗುರುತಿಸುತ್ತಾರೆ. ಡ್ರೈ ನೀಡ್ಲಿಂಗ್‌ನವರು ಬೆರಳಿನಿಂದ ಒತ್ತಿ ಹುಡುಕಿದ ಸ್ನಾಯುಗಂಟಿಗೇ ಚುಚ್ಚುತ್ತಾರೆ. ಆದರೂ ಕಾಲಿಗಿಳಿಯುವ ನೋವಿಗೆ ಚೀನೀಯರು ಬಹಳ ಹಿಂದಿನಿಂದ ಬಳಸುತ್ತಾ ಬಂದ ಹುವಾನ್‌ಟಿಯಾವೊ ಎಂಬ ಬಿಂದು ಸರಿಯಾಗಿ ಈ ಪಿರಿಫಾರ್ಮಿಸ್ ಇರುವ ಜಾಗದಲ್ಲೇ ಇದೆ.

ಮೇಜಿನ ಮೇಲೆ ನಡೆಯುವುದೇನು?

ಹೆದರುವವರಿಗಾಗಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇವೆ. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ತಲೆ ಸುತ್ತೀತು ಎಂದು ಮೊದಲೇ ಹೇಳಿದ್ದರು. ಕವುಚಿ ಮಲಗಿಸಿ, ಮೂಳೆಗಳ ಗುರುತು ಹಿಡಿದು, ಗಂಟನ್ನು ಬೆರಳಿನಲ್ಲಿ ಹುಡುಕಿ, ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿದರು. ನಮ್ಮ ಎದುರೇ ಪ್ಯಾಕೆಟ್ ಹರಿದು ಹೊಸ ಸೂಜಿ ತೆಗೆದರು. ಈ ಸೂಜಿಯ ದಪ್ಪ ಸುಮಾರು 0.30 ಮಿಲಿಮೀಟರ್. ಸಾಮಾನ್ಯ ಇಂಜೆಕ್ಷನ್ ಸೂಜಿಯ ಅರ್ಧದಷ್ಟು, ಅದರಂತೆ ಟೊಳ್ಳೂ ಅಲ್ಲ. ಉದ್ದ ಮಾತ್ರ ನೋಡಿದರೆ ಗಾಬರಿಯಾಗುವಂಥದ್ದು. ಮೇಲಿನ ದಪ್ಪ ಸ್ನಾಯುವನ್ನು ದಾಟಿ ಪಿರಿಫಾರ್ಮಿಸ್ ಮುಟ್ಟಲು ಮೈಕಟ್ಟಿಗೆ ತಕ್ಕಂತೆ 60ರಿಂದ 75 ಮಿಲಿಮೀಟರ್, ನಮ್ಮಂಥ ಭಾರಿ ದೇಹದವರಿಗೆ ಅದಕ್ಕಿಂತ ಉದ್ದದ್ದೂ ಬೇಕಾಗುತ್ತದೆ.

ಚರ್ಮ ದಾಟುವಾಗ ಸೊಳ್ಳೆ ಕಚ್ಚಿದಷ್ಟು. ಒಳಗೆ ಗಂಟಿಗೆ ತಾಗಿದಾಗ ಸ್ನಾಯು ತಾನಾಗಿ ಮೀನು ಕುಪ್ಪಳಿಸಿದಂತೆ ಪಟಕ್ಕೆಂದು ಹಾರಿತು, ನಮ್ಮ ಹಳೆಯ ನೋವು ಇಡೀ ತೊಡೆಗೆ ಒಮ್ಮೆ ಹಬ್ಬಿ ನಿಧಾನವಾಗಿ ಇಳಿಯಿತು. ಆ ಹಾರುವಿಕೆ ಒಳ್ಳೆಯ ಸೂಚನೆ ಎಂದರು. ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: ಕಾಲಿನುದ್ದಕ್ಕೂ ಕರೆಂಟು ಹೊಡೆದಂತಾದರೆ ಸುಮ್ಮನಿರಬೇಡಿ, ಕೂಡಲೇ ಹೇಳಿ. ನರ ಹತ್ತಿರದಲ್ಲೇ ಇರುವುದರಿಂದ ಸೂಜಿಯನ್ನು ಹಿಂದೆ ತೆಗೆದು ದಿಕ್ಕು ಬದಲಿಸಬೇಕಾಗುತ್ತದೆ. ಈ ಕಾರಣಕ್ಕೇ ಕೆಲವು ಆಸ್ಪತ್ರೆಗಳಲ್ಲಿ ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಾ ಚುಚ್ಚುತ್ತಾರೆ. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಮರುದಿನ ಕುದುರೆ ಒದ್ದ ಹಾಗಿನ ನೋವು. ಬಿಸಿನೀರಿನ ಶಾಖ ಕೊಟ್ಟು, ಸ್ವಲ್ಪ ನಡೆದಾಡಿದ ಮೇಲೆ ಎರಡು ದಿನದಲ್ಲಿ ಹೋಯಿತು.

ವಾರಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿಸಿದೆವು. ಮೂರನೆಯದರ ಹೊತ್ತಿಗೆ ಒಂದು ಗಂಟೆ ಕೂರಲು ಸಾಧ್ಯವಾಯಿತು. ಎರಡು ಮೂರು ಸಲದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುತ್ತಾ ಹೋಗಬಾರದು. ನೋವಿನ ಮೂಲ ಬೇರೆಯೇ ಇರಬಹುದು, ವೈದ್ಯರು ಮತ್ತೊಮ್ಮೆ ನೋಡಬೇಕು. ಇದುವರೆಗಿನ ಅಧ್ಯಯನಗಳ ಸಾರವೂ ಹೆಚ್ಚು ಕಡಿಮೆ ಇಷ್ಟೇ. ಕೆಲವು ವಾರಗಳ ಮಟ್ಟಿಗೆ ನೋವು ತಗ್ಗಿಸುವುದರಲ್ಲಿ ಡ್ರೈ ನೀಡ್ಲಿಂಗ್‌ಗೆ ಆಧಾರ ಇದೆ. ಬಹುಕಾಲದ ಗುಣಕ್ಕೆ ಸೂಜಿಯೊಂದನ್ನೇ ನಂಬಲಾಗದು, ವ್ಯಾಯಾಮ ಜತೆಗಿರಲೇಬೇಕು.

ಯಾರು ಜಾಗ್ರತೆಯಿಂದ ಇರಬೇಕು?

ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡು ರಕ್ತ ತೆಳುಮಾಡುವ ಗುಳಿಗೆ ತೆಗೆದುಕೊಳ್ಳುವವರು ನಮ್ಮ ಸದಸ್ಯರಲ್ಲಿ ಕಡಿಮೆ ಇಲ್ಲ. ಅವರು ಅದನ್ನು ಮೊದಲೇ ತಿಳಿಸಬೇಕು, ತಾವಾಗಿಯೇ ಗುಳಿಗೆ ನಿಲ್ಲಿಸಲೂ ಬಾರದು. ಶುಗರ್ ಹತೋಟಿಯಲ್ಲಿಲ್ಲದವರು, ಸೊಂಟದ ಕೀಲು ಬದಲಿಸಿಕೊಂಡವರು, ಗರ್ಭಿಣಿಯರು, ಚುಚ್ಚುವ ಜಾಗದಲ್ಲಿ ಹುಣ್ಣು ಅಥವಾ ಸೋಂಕು ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಮುಂದುವರಿಯಬಾರದು. ಸೂಜಿ ಕಂಡರೆ ಎಚ್ಚರ ತಪ್ಪುವವರಿಗೆ ಬೇರೆ ದಾರಿಗಳಿವೆ.

ಕೆಲವು ಲಕ್ಷಣಗಳಿಗೆ ಸೂಜಿಯೂ ಬೇಡ, ಕಾಯುವುದೂ ಬೇಡ. ಮಲಮೂತ್ರದ ಹತೋಟಿ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರದೊಂದಿಗೆ ನೋವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ವೈದ್ಯರು ನೋಡಲಿ. ಚುಚ್ಚುವವರು ನೋಂದಣಿ ಇರುವ ಫಿಸಿಯೋಥೆರಪಿಸ್ಟ್ ಅಥವಾ ವೈದ್ಯರೇ, ಈ ವಿಷಯದಲ್ಲಿ ಬೇರೆಯಾಗಿ ತರಬೇತಿ ಪಡೆದಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಹೊಸ ಅಡುಗೆಯವರನ್ನು ಇಟ್ಟುಕೊಳ್ಳುವಾಗ ನಾವು ಎಷ್ಟು ವಿಚಾರಿಸುತ್ತೇವೆ!

ಅದೇ ಸ್ಟೂಲಿಗೆ ಮರಳಿದರೆ

ನಾಲ್ಕು ಸೂಜಿಯ ನಂತರ ನಾವು ಗೆದ್ದೆವೆಂದು ಗಲ್ಲಾದ ಎತ್ತರದ ಸ್ಟೂಲಿನ ಮೇಲೆ ಮೊದಲಿನಂತೆಯೇ ಕೂತೆವು. ಒಂದು ಕಾಲು ಕೆಳಗಿನ ಕಂಬಿಯ ಮೇಲೆ, ಒಂದು ನೇತಾಡುತ್ತಾ, ಮೈ ಬಾಗಿಲ ಕಡೆಗೆ ತಿರುಗಿ. ತಿಂಗಳೊಳಗೆ ನೋವು ಹಾಜರಾಯಿತು. ಫಿಸಿಯೋಥೆರಪಿಯ ಹುಡುಗಿ ಬೈಯಲಿಲ್ಲ. "ಅಂಕಲ್, ಸೂಜಿ ಗಂಟು ಬಿಡಿಸುತ್ತದೆ, ಗಂಟು ಹಾಕುವವರು ನೀವೇ" ಎಂದಳು. ಟ್ರಾವೆಲ್ ಅವರೂ ಕೆನಡಿಯವರಿಗೆ ಬರಿಯ ಇಂಜೆಕ್ಷನ್ ಕೊಟ್ಟು ಬಿಡಲಿಲ್ಲ, ತೂಗುಕುರ್ಚಿಯಲ್ಲಿ ಕೂರಲು ಹೇಳಿದ್ದರು. ಕೆನಡಿಯವರ ಜತೆ ಆ ಕುರ್ಚಿಯೂ ಪ್ರಸಿದ್ಧವಾಯಿತು.

ನಾವು ಮಾಡಿದ ಬದಲಾವಣೆಗಳು ದುಬಾರಿಯೇನಲ್ಲ. ಸ್ಟೂಲ್ ತೆಗೆದು, ಎರಡೂ ಪಾದ ನೆಲಕ್ಕೆ ಊರುವ ಕುರ್ಚಿ ಹಾಕಿದೆವು. ಅದಕ್ಕಾಗಿ ಕೌಂಟರನ್ನು ಸ್ವಲ್ಪ ತಗ್ಗಿಸಬೇಕಾಯಿತು. ಪಾಕೀಟು, ಬೀಗದಕೈ ಡ್ರಾಯರಿಗೆ ಹೋದವು. ಅರ್ಧ ಗಂಟೆಗೊಮ್ಮೆ ಎದ್ದು ಟೇಬಲುಗಳ ನಡುವೆ ಒಂದು ಸುತ್ತು. ಗಿರಾಕಿಗಳನ್ನು ಮಾತಾಡಿಸಿದಂತೆಯೂ ಆಗುತ್ತದೆ. ಕುರ್ಚಿಯಲ್ಲಿ ಕೂತೇ ನೋವಿರುವ ಕಾಲಿನ ಗಿಣ್ಣನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಬೆನ್ನು ನೇರವಾಗಿಟ್ಟುಕೊಂಡು ಮುಂದಕ್ಕೆ ಬಾಗಿ ಅರ್ಧ ನಿಮಿಷ ಹಿಡಿಯುವುದು, ಹೀಗೆ ಮೂರು ಸಲ. ಬೆಳಿಗ್ಗೆ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟವನ್ನು ಹತ್ತು ಸಲ ಮೇಲೆತ್ತಿ ಇಳಿಸುವುದು. ನಿಮ್ಮ ನೋವಿಗೆ ಯಾವುದು ಹೊಂದುತ್ತದೆ ಎಂಬುದನ್ನು ಫಿಸಿಯೋಥೆರಪಿಸ್ಟರೇ ಹೇಳಬೇಕು.

ಅಡುಗೆಮನೆಗೂ ಒಂದು ಮಣೆ

ಗಲ್ಲಾದಲ್ಲಿ ಕೂತವರ ಮಾತು ಇಷ್ಟಾಯಿತು. ಭಟ್ಟಿಯ ಮುಂದೆ ನಿಂತವರ ಮಾತೇನು? ನಮಗೆ ಎಂ.ಆರ್.ಐ., ಇಬ್ಬರು ವೈದ್ಯರು, ನಾಲ್ಕು ಸೂಜಿ. ಅವರಿಗೆ ಗುಳಿಗೆಯ ಪಟ್ಟಿ, ಹೆಚ್ಚೆಂದರೆ ಗಲ್ಲಿಯ ಡಾಕ್ಟರರಲ್ಲಿ ಒಂದು ನೋವಿನ ಇಂಜೆಕ್ಷನ್. ಪೃಷ್ಠದಲ್ಲಿ ತಪ್ಪು ಜಾಗಕ್ಕೆ ಕೊಟ್ಟ ಇಂಜೆಕ್ಷನ್‌ನಿಂದ ಸಯಾಟಿಕ್ ನರಕ್ಕೇ ಪೆಟ್ಟಾಗಿ ಕಾಲು ಬಲ ಕಳೆದುಕೊಂಡ ಉದಾಹರಣೆಗಳಿವೆ. ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಇ.ಎಸ್.ಐ.ಗೆ 2019ರ ಜುಲೈಯಲ್ಲಿ ನಿಗದಿಯಾದಂತೆ ಮಾಲೀಕರ ಪಾಲು ಸಂಬಳದ ನೂರಕ್ಕೆ 3.25. ಈ ಹಣ ಕಟ್ಟುವಾಗ ನಾವೆಲ್ಲ ಗೊಣಗುತ್ತೇವೆ. ಆದರೆ ಕಾರ್ಡು ಇರುವ ಕೆಲಸದವರನ್ನು ಇ.ಎಸ್.ಐ. ಆಸ್ಪತ್ರೆಗೆ ಕಳಿಸುವವರು ನಮ್ಮಲ್ಲಿ ಎಷ್ಟು ಮಂದಿ? ಅರ್ಹತೆಯ ದಿನಗಳು ತುಂಬಿದ ನೌಕರರಿಗೆ ವೈದ್ಯರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ಕಾಯಿಲೆ ಭತ್ಯೆಯೂ ಅಲ್ಲಿದೆ. ನಾವು ಕಟ್ಟಿದ ಹಣ ನಮ್ಮವರಿಗೇ ದೊರೆಯಲಿ.

ನಿಲ್ಲುವ ಕೆಲಸದ ಬಗ್ಗೆ ಸರಕಾರಗಳೂ ಎಚ್ಚೆತ್ತಿವೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು ನೌಕರರಿಗೆ ಕೂರುವ ವ್ಯವಸ್ಥೆ ಇರಬೇಕೆಂದು ವಿಧಿಸಿದವು. ನಮ್ಮ ಅಡುಗೆಮನೆಗೆ ಕಾಯ್ದೆ ಬರಲಿ ಎಂದು ಕಾಯಬೇಕಾಗಿಲ್ಲ. ದೋಸೆ ಕಲ್ಲಿನ ಕೆಳಗೆ ಅರ್ಧ ಅಡಿ ಎತ್ತರದ ಒಂದು ಮಣೆ ಇಟ್ಟರೆ ಕಾಲನ್ನು ಬದಲಿಸಿ ಬದಲಿಸಿ ಮೇಲಿಡಬಹುದು. ನಿಲ್ಲುವ ಜಾಗಕ್ಕೆ ರಬ್ಬರ್ ಮ್ಯಾಟು, ಗಿರಾಕಿ ಕಡಿಮೆ ಇರುವಾಗ ಕೂರಲು ಒಂದು ಸ್ಟೂಲು, ಎರಡು ಮೂರು ಗಂಟೆಗೊಮ್ಮೆ ಕೆಲಸದ ಅದಲುಬದಲು. ಅಕ್ಕಿ ಮೂಟೆಯನ್ನು ಒಬ್ಬನೇ ಬೆನ್ನಿಗೇರಿಸದೆ ಇಬ್ಬರು ಹಿಡಿಯುವುದು. ನಮ್ಮ ಹೋಟೆಲಿನಲ್ಲಿ ಈಗ ಇಷ್ಟೂ ಇದೆ.

ಗುಣವಾದ ಮೇಲೆ ಒಂದು ದಿನ ಧೈರ್ಯ ಮಾಡಿ ಭಟ್ಟರಿಗೆ ಫೋನು ಮಾಡಿದೆವು. ಊರಿನಲ್ಲಿ ಮದುವೆ ಮುಂಜಿಯ ಅಡುಗೆಗೆ ಹೋಗುತ್ತಿದ್ದಾರೆ, ನೋವು ಇನ್ನೂ ಇದೆ ಎಂದರು. ಅಂದು ಆಡಿದ ಮಾತಿಗೆ ಕ್ಷಮೆ ಕೇಳಿ, ಮಂಗಳೂರಿನಲ್ಲಿ ಒಳ್ಳೆಯ ಫಿಸಿಯೋಥೆರಪಿಸ್ಟರಿಗೆ ತೋರಿಸಿ, ಖರ್ಚು ನಮ್ಮದು ಎಂದೆವು. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ತೋರಿಸುವ, ಶೆಟ್ರೇ. ಆದರೆ ಆಗ ಕಾಲು ಮೇಲಿಡ್ಲಿಕ್ಕೆ ಒಂದು ಮಣೆ ಇದ್ದಿದ್ರೆ ಸಾಕಿತ್ತು" ಎಂದರು.

ಸದಸ್ಯ ಬಂಧುಗಳೇ, ನಿಮಗೆ ನೋವಿದ್ದರೆ ನಾಚಿಕೆ ಬಿಟ್ಟು ಒಳ್ಳೆಯ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಸೂಜಿಗೆ ಹೆದರಬೇಡಿ. ನಿಮ್ಮ ಅಡುಗೆಯವರು, ಸಪ್ಲೈಯರುಗಳು ನೋವೆಂದು ಹೇಳಿದರೆ ಮೊದಲ ಸಲಕ್ಕೇ ನಂಬಿ. ಮುಂದಿನ ಮಹಾಸಭೆಯಲ್ಲಿ ಗೋಡೆಗೆ ಒರಗಿ ನಿಂತವರು ಕಂಡರೆ ಹತ್ತಿರ ಹೋಗಿ ವಿಚಾರಿಸಿ.